ಪಿಕಪ್ ಗಾಡಿಯ ಕವರ್ ನಿಜಕ್ಕೂ ನೀರು ತಡೆಯುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಪಿಕಪ್ ಅಂದರೆ ಎರಡು ಥರದ ಗಾಡಿ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಥರ ಮುಂದೆ ಕಾರಿನಂತೆ ಇದ್ದು ಹಿಂದೆ ಐದಡಿ ಬಾಡಿ ಇರುವುದು ಒಂದು. ಬೆಲ್ಲ, ರೇಷ್ಮೆ ಗೂಡು, ತರಕಾರಿ, ಎಳನೀರು ಹೊರುವ ಬೊಲೆರೊ ಪಿಕಪ್, ಟಾಟಾ ಏಸ್, ದೋಸ್ತ್ ಇನ್ನೊಂದು. ಮೊದಲನೆಯದಕ್ಕೆ ಅಂಗಡಿಯಲ್ಲಿ ಸಿದ್ಧ ಕವರ್ ಸಿಗುತ್ತದೆ, ಎರಡನೆಯದಕ್ಕೆ ಟಾರ್ಪಾಲೇ ಗತಿ. ಎರಡರ ಮಾಲೀಕರೂ ಮಳೆಗಾಲದಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ.

ಸುತ್ತಿ ಬಳಸಿ ಬೇಡ. ಕವರ್ ಹಾಕಿದರೆ ಒಳಗೆ ನೀರು ಬರುತ್ತಾ, ಇಲ್ವಾ?

ಬರುತ್ತದೆ. ಒಳ್ಳೆಯ ಕವರನ್ನು ಸರಿಯಾಗಿ ಕೂರಿಸಿದರೆ ಬಹುಪಾಲು ನೀರು ಹೊರಗೇ ಉಳಿಯುತ್ತದೆ, ಒಂದಿಷ್ಟು ಒಳಗೆ ಬಂದೇ ಬರುತ್ತದೆ. ಆ ಒಂದಿಷ್ಟು ಎಷ್ಟು ಅನ್ನುವುದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. ಐದಡಿ ಉದ್ದ, ಐದಡಿ ಅಗಲದ ಬಾಡಿ ಅಂದರೆ ಸುಮಾರು 2.3 ಚದರ ಮೀಟರ್. ಚಿತ್ತೆ ಮಳೆ ಒಂದು ಸಂಜೆ 20 ಮಿ.ಮೀ. ಸುರಿದರೆ ಆ ಕವರ್ ಮೇಲೆ 46 ಲೀಟರ್ ಬಿದ್ದ ಹಾಗಾಯಿತು. ನೂರಕ್ಕೆ 98 ಪಾಲು ತಡೆದರೂ ಒಳಗೆ ಒಂದು ಲೀಟರಿಗೆ ಹತ್ತಿರ ನೀರು ಸೇರುತ್ತದೆ. ಒಂದು ಚೀಲ ಸಿಮೆಂಟಿನ ತಳ ಹಾಳಾಗಲು ಅಷ್ಟು ಸಾಕು. ಪ್ಲಾಸ್ಟಿಕ್ ಕ್ರೇಟಿನ ಟೊಮ್ಯಾಟೊಗೆ ಅದರಿಂದ ಏನೂ ಆಗುವುದಿಲ್ಲ.

ಹಾಗಾಗಿ ಕವರ್ ಕೊಳ್ಳುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ: ಬರುವ ನೀರು ಎಲ್ಲಿಂದ ಬರುತ್ತದೆ, ಬಂದದ್ದು ಎಲ್ಲಿ ಹೋಗುತ್ತದೆ. ಮುಂದಿನ ಉತ್ತರಗಳೆಲ್ಲ ಇವೆರಡರ ಸುತ್ತಲೇ ಇವೆ.

ಡಬ್ಬದ ಮೇಲೆ ‘ವಾಟರ್ ರೆಸಿಸ್ಟೆಂಟ್’ ಅಂತ ಇದೆ. ಅಂಗಡಿಯವರು ‘ವಾಟರ್‌ಪ್ರೂಫ್’ ಅಂತಾರೆ. ಎರಡೂ ಒಂದೇನಾ?

ಒಂದೇ ಅಲ್ಲ. ಕವರಿನ ಬಟ್ಟೆಯೋ ಹಲಗೆಯೋ ನೀರು ಬಿಡದೆ ಇರಬಹುದು. ಆದರೆ ಬಾಡಿಯ ನಾಲ್ಕು ಅಂಚು, ಹಿಂದಿನ ಬಾಗಿಲು, ಮೂಲೆಗಳು ಕವರ್ ಮಾಡಿದವರ ಕೈಯಲ್ಲಿಲ್ಲ. ಅದಕ್ಕೇ ಹೆಚ್ಚಿನ ತಯಾರಕರು ಬರಹದಲ್ಲಿ ‘ನೀರು ನಿರೋಧಕ’ ಅನ್ನುತ್ತಾರೆಯೇ ಹೊರತು ‘ಹನಿಯೂ ಬರದು’ ಅನ್ನುವುದಿಲ್ಲ. ವಾರಂಟಿ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ನಂಬಿ.

ಹಾಗಾದರೆ ನೀರು ಎಲ್ಲೆಲ್ಲಿಂದ ನುಗ್ಗುತ್ತೆ?

ಮೊದಲನೆಯ ದಾರಿ ಹಿಂದಿನ ಬಾಗಿಲು. ಪಿಕಪ್ಪಿನ ಹಿಂಬಾಗಿಲಿಗೆ ಕಾರಿನ ಡಿಕ್ಕಿಗೆ ಇರುವಂಥ ರಬ್ಬರ್ ಸುತ್ತು ಸಾಮಾನ್ಯವಾಗಿ ಕಂಪನಿಯಿಂದ ಬರುವುದಿಲ್ಲ. ತೆರೆದ ಬಾಡಿಗೆ ಅದು ಬೇಡ ಅನ್ನುವ ಲೆಕ್ಕದಲ್ಲೇ ಗಾಡಿ ಮಾಡಿರುತ್ತಾರೆ. ಬಾಗಿಲಿನ ಎರಡು ಪಕ್ಕ ಮತ್ತು ಕೆಳಗೆ ಬೆರಳು ತೂರುವಷ್ಟು ಸಂದು ಇರುತ್ತದೆ. ಕವರ್ ಎಷ್ಟೇ ದುಬಾರಿಯದಾದರೂ ಆ ಸಂದನ್ನು ಅದು ಮುಟ್ಟುವುದೇ ಇಲ್ಲ. ಸಾವಿರಾರು ರೂಪಾಯಿ ಸುರಿದು ಕವರ್ ಹಾಕಿಸಿ, ‘ಸೋರುತ್ತೆ’ ಅಂತ ಕವರನ್ನು ಬೈಯುವವರಲ್ಲಿ ಬಹಳ ಮಂದಿಯ ಗಾಡಿಯಲ್ಲಿ ನೀರು ಬರುವುದು ಈ ಬಾಗಿಲಿನಿಂದ.

ಎರಡನೆಯದು ಕ್ಯಾಬಿನ್ ಹಿಂದಿನ ಅಡ್ಡ ಅಂಚು. ಕವರಿನ ಮುಂದಿನ ರಬ್ಬರ್ ಅಲ್ಲಿ ಸಮನಾಗಿ ಕೂರಬೇಕು. ಧೂಳು, ಒಣಗಿದ ಕೆಸರು, ಹಳೇ ಅಂಟು ಇದ್ದರೆ ಕೂರುವುದಿಲ್ಲ. ಆ ರಬ್ಬರ್, ಕವರ್ ಕೂರಲು ಬಾಡಿಯ ಪಕ್ಕದ ಅಂಚಿಗೆ ಬಿಗಿದ ಪಟ್ಟಿಯನ್ನು ಸೇರುವ ಎರಡು ಮೂಲೆಗಳಂತೂ ಸೋರಿಕೆಯ ತವರು. ಎರಡು ರಬ್ಬರ್ ತುದಿಗಳ ನಡುವೆ ಕಡಲೆ ಗಾತ್ರದ ತೂತು ಉಳಿದರೂ ಕ್ಯಾಬಿನ್ ಮೇಲಿಂದ ಇಳಿಯುವ ನೀರೆಲ್ಲ ಅಲ್ಲಿಗೇ ಹರಿಯುತ್ತದೆ.

ಮೂರನೆಯದು ಪಕ್ಕದ ಪಟ್ಟಿ. ಅದನ್ನು ಬಾಡಿಗೆ ಹಿಡಿದಿಡುವ ಕ್ಲಾಂಪ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗಿದ್ದರೆ ಪಟ್ಟಿ ಸೊಟ್ಟಗೆ ನಿಲ್ಲುತ್ತದೆ. ಬಾಡಿಯೊಳಗೆ ಪ್ಲಾಸ್ಟಿಕ್ ಲೈನರ್ (ಒಳಹೊದಿಕೆ) ಹಾಕಿಸಿದ್ದು, ಅದರ ಅಂಚು ಬಾಡಿಯ ಮೇಲಂಚನ್ನೂ ಮುಚ್ಚುವಂತಿದ್ದರೆ ಇನ್ನೂ ಕಷ್ಟ: ಕವರ್ ಲೈನರ್ ಮೇಲೆ ಕೂತಿರುತ್ತದೆ, ನೀರು ಲೈನರಿನ ಅಡಿಯಿಂದ ಒಳಗೆ ಇಳಿಯುತ್ತದೆ. ಮೇಲಂಚಿಗಿಂತ ಕೆಳಗೇ ನಿಲ್ಲುವ ಲೈನರ್ ಆದರೆ ಈ ತೊಂದರೆ ಇಲ್ಲ.

ಇನ್ನು ಮಡಚುವ ಕವರಿನ ಹಿಂಜ್, ಸುರುಳಿ ಕವರಿನ ಮುಚ್ಚಿಹೋದ ನೀರ್ಗೊಳವೆ, ಬಾಡಿ ಅಂಚಿನ ಚೌಕ ತೂತುಗಳು, ಯಾವುದೋ ಕಾಲದಲ್ಲಿ ಕೊರೆದು ಬಿಟ್ಟ ಬೋಲ್ಟ್ ತೂತುಗಳು.

ಯಾವ ಥರದ ಕವರ್ ಹೆಚ್ಚು ತಡೆಯುತ್ತೆ?

ಒಂದೇ ಹಲಗೆಯ ಫೈಬರ್ ಮುಚ್ಚಳ, ಅಂದರೆ ಮುಂದೆ ಹಿಂಜ್ ಇದ್ದು ಡಿಕ್ಕಿಯಂತೆ ಎತ್ತುವುದು, ನೀರಿನ ಮಟ್ಟಿಗೆ ಎಲ್ಲಕ್ಕಿಂತ ಮೇಲು. ನಡುವೆ ಎಲ್ಲೂ ಜೋಡಣೆ ಇಲ್ಲ. ತೂಕ ಹೆಚ್ಚು, ಎತ್ತರದ ಸಾಮಾನು ಹಾಕಲಾಗುವುದಿಲ್ಲ, ತೆಗೆದಿಡಲು ಇಬ್ಬರು ಬೇಕು.

ಮೂರು ಮಡಿಕೆಯ ಗಟ್ಟಿ ಕವರ್ ಅಲ್ಯೂಮಿನಿಯಂ ಅಥವಾ ಫೈಬರ್ ಹಲಗೆಯದು. ಹೊಸದರಲ್ಲಿ ಚೆನ್ನಾಗಿರುತ್ತದೆ, ಎರಡು ಮೂರು ಬೇಸಿಗೆ ಕಂಡ ಮೇಲೆ ಮಡಿಕೆಯ ರಬ್ಬರ್ ಸೀಳುವುದುಂಟು. ವಿನೈಲ್ ಬಟ್ಟೆಯ ಮೆತ್ತನೆ ಕವರ್ ಅಗ್ಗ, ಬಟ್ಟೆಯ ನಡುವಿನಿಂದ ಸೋರುವುದೂ ಇಲ್ಲ. ಆದರೆ ಬಿಸಿಲಿಗೆ ಸಡಿಲವಾಗಿ ನಡುವೆ ಹಳ್ಳ ಬೀಳುತ್ತದೆ, ನೀರು ನಿಲ್ಲುತ್ತದೆ, ನಿಂತ ನೀರಿನ ಭಾರಕ್ಕೆ ಅಂಚಿನ ವೆಲ್ಕ್ರೋ ಬಿಡುತ್ತದೆ. ಒಂದು ಮೀಟರ್ ಚೌಕದಲ್ಲಿ ಸರಾಸರಿ 5 ಸೆಂ.ಮೀ. ನೀರು ನಿಂತರೆ 50 ಕೆ.ಜಿ., ಒಂದು ಸಿಮೆಂಟ್ ಚೀಲದ ತೂಕ.

ಷಟರಿನಂತೆ ಸುತ್ತಿಕೊಳ್ಳುವ ಕವರ್ ನೋಡಲು ಸೊಗಸು, ಬಳಸಲು ಸುಲಭ. ಅದು ನೀರನ್ನು ಪೂರ್ತಿ ತಡೆಯುವ ಬದಲು ಹಿಡಿದು ಕೊಳವೆಯಲ್ಲಿ ಹೊರಗೆ ಬಿಡುತ್ತದೆ. ಕೊಳವೆ ಕಟ್ಟಿದ ದಿನ ಅದೇ ನೀರು ಒಳಗೆ. ಮರದ ಕೆಳಗೆ ಗಾಡಿ ನಿಲ್ಲಿಸುವವರಿಗೆ ನಾವು ಇದನ್ನು ಹೇಳುವುದಿಲ್ಲ.

ಮನೆ ಮುಂದೆ ನಿಂತಾಗ ಒಂದು ಹನಿ ಇಲ್ಲ. ಬೆಂಗಳೂರು ಹೆದ್ದಾರಿಯಲ್ಲಿ ಹೋಗಿ ಬಂದರೆ ಒಳಗೆಲ್ಲ ಒದ್ದೆ. ಹೇಗೆ?

ಗಾಳಿ ಮಾಡುವ ಕೆಲಸ. ಗಾಡಿ ವೇಗವಾಗಿ ಹೋಗುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಇಳಿದು ಸುಳಿ ಏಳುತ್ತದೆ. ಚಕ್ರಗಳು ಎಬ್ಬಿಸಿದ ತುಂತುರು ಆ ಸುಳಿಯಲ್ಲಿ ಸಿಕ್ಕಿ ಹಿಂಬಾಗಿಲಿನ ಸಂದಿನಲ್ಲಿ ಒಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಮಣ್ಣು ರಸ್ತೆಯ ಧೂಳು ಬಾಡಿಯೊಳಗೆ ತುಂಬುವುದೂ ಹೀಗೇ. ಧೂಳು ಬರುವ ಕಡೆ ನೀರೂ ಬರುತ್ತದೆ, ಇದೊಂದು ಒಳ್ಳೆಯ ಗುರುತು.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿ.ಮೀ.ನಿಂದ 80ಕ್ಕೆ ಹೋದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಊರೊಳಗೆ ಗಟ್ಟಿಯಾಗಿ ಕೂತಿದ್ದ ಮೆತ್ತನೆ ಕವರ್ 2023ರಲ್ಲಿ ಉದ್ಘಾಟನೆಯಾದ ಮೈಸೂರು–ಬೆಂಗಳೂರು ದಶಪಥದಲ್ಲಿ ಉಬ್ಬಿ ಪಟಪಟ ಹೊಡೆದುಕೊಳ್ಳುವುದು ಇದಕ್ಕೇ. ಉಬ್ಬಿದಾಗಲೆಲ್ಲ ಅಂಚಿನ ರಬ್ಬರ್ ಒಂದು ಕ್ಷಣ ಬಾಯಿ ಬಿಡುತ್ತದೆ. ಜೋರು ಮಳೆಯಲ್ಲಿ 60ರ ಆಸುಪಾಸಿಗೆ ಇಳಿಸಿ, ಎಡ ಪಥದಲ್ಲಿ ಹೋಗಿ. ಸಾಮಾನಿಗೂ ಜೀವಕ್ಕೂ ಅದೇ ಕ್ಷೇಮ.

ಸೋರುವ ಜಾಗವನ್ನು ನಾವೇ ಪತ್ತೆ ಮಾಡೋದು ಹೇಗೆ?

ಎರಡು ಪರೀಕ್ಷೆ ಸಾಕು, ಖರ್ಚಿಲ್ಲ.

ಮೊದಲು ಕಾಗದದ ಪರೀಕ್ಷೆ. ಎರಡು ಬೆರಳು ಅಗಲದ ಕಾಗದದ ಚೀಟಿಯನ್ನು ರಬ್ಬರ್ ಮತ್ತು ಬಾಡಿಯ ನಡುವೆ ಇಟ್ಟು ಕವರ್ ಮುಚ್ಚಿ, ಚೀಟಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸರ್ರನೆ ಜಾರಿದರೆ ಅಲ್ಲಿ ಒತ್ತಡವಿಲ್ಲ. ಅರ್ಧ ಅಡಿಗೊಮ್ಮೆ ಸುತ್ತಲೂ ಹೀಗೆ ಮಾಡಿ, ಸಡಿಲ ಇರುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ.

ಆಮೇಲೆ ನೀರು. ಬಾಡಿ ಒರೆಸಿ ಒಣಗಿಸಿ, ನೆಲಕ್ಕೆ ಹಳೇ ದಿನಪತ್ರಿಕೆ ಹಾಸಿ. ತೋಟದ ಪೈಪನ್ನು ತುದಿ ಅದುಮದೆ, ಮಳೆಯಂತೆ ಮೆಲ್ಲಗೆ ಹರಿಯಲು ಬಿಡಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ಹಿಂಬಾಗಿಲಿನ ಕೆಳ ಸಂದು 3 ನಿಮಿಷ, ನಿಲ್ಲಿಸಿ ಒಳಗೆ ನೋಡಿ. ಆಮೇಲೆ ಬಾಗಿಲಿನ ಪಕ್ಕಗಳು, ನಂತರ ಬಾಡಿಯ ಪಕ್ಕದ ಅಂಚು, ಕೊನೆಗೆ ಕ್ಯಾಬಿನ್ ಕಡೆಯ ಅಂಚು ಮತ್ತು ಕವರಿನ ಮೇಲ್ಭಾಗ. ಮೊದಲೇ ಮೇಲಿಂದ ಹೊಯ್ದರೆ ನೀರು ಎಲ್ಲ ಕಡೆ ಇಳಿದು, ಯಾವ ಸಂದಿನಿಂದ ಬಂತು ಅನ್ನುವುದು ಗೊತ್ತಾಗದೆ ಹೋಗುತ್ತದೆ. ದಿನಪತ್ರಿಕೆ ಯಾವ ತುದಿಯಲ್ಲಿ ನೆಂದಿದೆಯೋ ಅದರ ನೇರಕ್ಕೆ ಮೇಲೆ ನೋಡಿ, ಗಾಡಿ ನಿಂತ ನೆಲದ ಇಳಿಜಾರನ್ನೂ ಗಮನಿಸಿ. ನೀರು ಒಳಗೆ ಬಂದ ಮೇಲೆ ಅಡಿಗಟ್ಟಲೆ ಹರಿದು ಬೇರೆಲ್ಲೋ ನಿಲ್ಲುತ್ತದೆ.

ಹಿಂಬಾಗಿಲಿಗೆ ರಬ್ಬರ್ ಹಾಕೋದು ಹೇಗೆ? ಯಾವ ರಬ್ಬರ್?

ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ನೀರು ನಿಲ್ಲಿಸುವ ಕೆಲಸ ಇನ್ನೊಂದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಇಪಿಡಿಎಂ ರಬ್ಬರಿನ, ನಡುವೆ ಟೊಳ್ಳಾಗಿರುವ ಪಟ್ಟಿ ಕೇಳಿ. ಕಾರಿನ ಬಾಗಿಲಿಗೆ ಬರುವಂಥದ್ದು. ಬಿಸಿಲು, ಮಳೆ ಎರಡನ್ನೂ ಅದು ತಾಳುತ್ತದೆ. ಕಿಟಕಿ ಸಂದಿಗೆ ಅಂಟಿಸುವ ಸ್ಪಂಜು ಪಟ್ಟಿ ಬೇಡ. ಅದು ನೀರು ಕುಡಿದು ಒಂದೇ ಮಳೆಗಾಲಕ್ಕೆ ಪುಡಿಯಾಗುತ್ತದೆ.

ದಪ್ಪ ಎಷ್ಟಿರಬೇಕು? ಚಪಾತಿ ಹಿಟ್ಟಿನ ಸಣ್ಣ ಉಂಡೆಗಳನ್ನು ಬಾಗಿಲಿನ ಎರಡು ಪಕ್ಕ, ಕೆಳಗೆ ಮೂರು ಕಡೆ ಅಂಟಿಸಿ, ಬಾಗಿಲು ಹಾಕಿ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ಸಂದಿನ ಅಳತೆ. ಸಂದು 8 ಮಿ.ಮೀ. ಇದ್ದರೆ 12 ಮಿ.ಮೀ. ಪಟ್ಟಿ ತನ್ನಿ, ಅಂದರೆ ಮೂರನೇ ಒಂದು ಭಾಗ ಅದುಮಿಕೊಳ್ಳುವಂತೆ. ಅದಕ್ಕಿಂತ ದಪ್ಪದ್ದು ಹಾಕಿದರೆ ಬಾಗಿಲು ಹಾಕಲು ಗುದ್ದಬೇಕಾಗುತ್ತದೆ, ಲಾಕ್ ಸವೆಯುತ್ತದೆ. ಉದ್ದ ಸುಮಾರು 2.5 ಮೀಟರ್ ಬೇಕಾಗುತ್ತದೆ, 3 ಮೀಟರ್ ತನ್ನಿ.

ಅಂಟಿಸುವ ಜಾಗವನ್ನು ಸೋಪು ನೀರಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಪಾಲಿಶಿನ ಜಿಡ್ಡು ಉಳಿದರೆ ಅಂಟು ಹಿಡಿಯುವುದಿಲ್ಲ. ಒಣ ದಿನ, ಬೆಳಿಗ್ಗೆ ಬಿಸಿಲೇರಿದ ಮೇಲೆ ಮಾಡಿ. ಪಟ್ಟಿಯನ್ನು ಎಳೆದು ಅಂಟಿಸಬೇಡಿ, ಎಳೆದದ್ದು ಎರಡೇ ದಿನದಲ್ಲಿ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಮೂಲೆಯಲ್ಲಿ ಕತ್ತರಿಸದೆ ಬಾಗಿಸಿ. ಕತ್ತರಿಸಲೇಬೇಕಾದರೆ 45 ಡಿಗ್ರಿಗೆ ಕತ್ತರಿಸಿ ಕಪ್ಪು ಬ್ಯೂಟೈಲ್ ಟೇಪಿನ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಚೂರು ತುಂಬಿ. ಹೆಬ್ಬೆರಳಿನಿಂದ ಉದ್ದಕ್ಕೂ ಗಟ್ಟಿಯಾಗಿ ಒತ್ತಿ, 24 ಗಂಟೆ ನೀರು ಸೋಕಿಸಬೇಡಿ.

ಒಂದು ಎಚ್ಚರಿಕೆ. ಬಾಡಿಯ ನೆಲದಲ್ಲಿ ನೀರು ಇಳಿಯುವ ತೂತುಗಳಿವೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಬಾಗಿಲಿನ ಕೆಳ ಸಂದೇ ನೀರು ಹೋಗುವ ದಾರಿ. ಅದನ್ನೂ ಮುಚ್ಚಿದರೆ ಗಾಡಿ ತೊಟ್ಟಿಯಾಗುತ್ತದೆ. ಅಂಥ ಗಾಡಿಯಲ್ಲಿ ಕೆಳಗಿನ ಪಟ್ಟಿಯ ಎರಡು ತುದಿಯಲ್ಲಿ ಒಂದೊಂದು ಇಂಚು ಬಿಡಿ. ತುಸು ತುಂತುರು ಬಂದರೂ ಪರವಾಗಿಲ್ಲ, ನಿಂತ ನೀರು ಬೇಡ.

ಸಿಲಿಕಾನ್ ಸೀಲಂಟ್ ಸುತ್ತಲೂ ಬಳಿದುಬಿಟ್ಟರೆ?

ಬೇಡ. ತೆರೆದು ಮುಚ್ಚುವ ಜಾಗದಲ್ಲಿ ಅದು ಕಿತ್ತು ಬರುತ್ತದೆ, ಅದರ ಜಿಡ್ಡಿನ ಮೇಲೆ ಮುಂದೆ ಬೇರೆ ಯಾವ ಅಂಟೂ ಕೂರುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಅಲುಗಾಡದ ತೂತುಗಳಿಗೆ ಬ್ಯೂಟೈಲ್ ಟೇಪ್, ಬಾಡಿಯ ಚೌಕ ತೂತುಗಳಿಗೆ ರಬ್ಬರ್ ಬಿರಡೆ.

ಸುತ್ತುವ ಕವರಿನ ನೀರ್ಗೊಳವೆ ಕಟ್ಟಿದೆ. ಬಿಡಿಸೋದು ಹೇಗೆ?

ಕ್ಯಾಬಿನ್ ಹಿಂದೆ ಇರುವ ಸುರುಳಿ ಡಬ್ಬದ ಎರಡು ಮೂಲೆಯಿಂದ ಕೊಳವೆ ಇಳಿದು ಬಾಡಿಯ ತಳದಿಂದ ಹೊರಗೆ ಹೋಗುತ್ತದೆ. ಡಬ್ಬಕ್ಕೆ ಒಂದು ಲೋಟ ನೀರು ಹಾಕಿ. ಅಡಿಯಲ್ಲಿ ತಡವಿಲ್ಲದೆ ಸುರಿಯಬೇಕು. ತೊಟ್ಟಿಕ್ಕಿದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ, ಆಮೇಲೆ ಸೈಕಲ್ ಪಂಪಿನಲ್ಲಿ ಊದಿ. ಸರ್ವೀಸ್ ಸ್ಟೇಷನ್ನಿನ ಕಂಪ್ರೆಸರ್ ಗಾಳಿ ಹಿಡಿದರೆ ಕೊಳವೆ ಜೋಡಣೆಯಿಂದ ಕಳಚಿ ಬರಬಹುದು, ಆಮೇಲೆ ನೀರೆಲ್ಲ ಬಾಡಿಯೊಳಕ್ಕೇ.

ಮೈಸೂರಿನ ಸಾಲುಮರಗಳಲ್ಲಿ ಗುಲ್‌ಮೊಹರ್, ಮಳೆಮರದ ಸಣ್ಣ ಸಣ್ಣ ಎಲೆಗಳು ಉದುರುತ್ತವೆ. ಅಂಥ ಕಡೆ ನಿಲ್ಲಿಸುವವರು ಹದಿನೈದು ದಿನಕ್ಕೊಮ್ಮೆ ನೋಡಲೇಬೇಕು. ಉಳಿದವರು ಮೇ ಮೊದಲ ವಾರ, ಸೆಪ್ಟೆಂಬರ್ ಮೊದಲ ವಾರ, ವರ್ಷಕ್ಕೆ ಎರಡು ಸಲ ಮಾಡಿದರೆ ಸಾಕು. ನಮ್ಮ ಕಡೆ ದಪ್ಪ ಹನಿಯ ಮಳೆ ಹೆಚ್ಚು ಸುರಿಯುವುದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ.

ನಮ್ಮದು ಬೊಲೆರೊ ಪಿಕಪ್. ಟಾರ್ಪಾಲು ಯಾವುದು ತಗೊಳ್ಳಬೇಕು?

ಮೂರು ಥರ ಇದೆ. ನೀಲಿ, ಹಳದಿ, ಕಪ್ಪು ಬಣ್ಣದ ನೇಯ್ದ ಪ್ಲಾಸ್ಟಿಕ್ ಹಾಳೆ ಎಚ್‌ಡಿಪಿಇ. ಹಗುರ, ಅಗ್ಗ. ಬಿಸಿಲಿಗೆ ಅದರ ಮೇಲ್ಪದರ ಬಿರಿದು ಸೂಜಿತೂತುಗಳಾಗುತ್ತವೆ. ಪಿವಿಸಿ ಲೇಪದ ಬಟ್ಟೆ ಭಾರ, ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ದಿನಾ ಮಾಲು ಹೊರುವ ಗಾಡಿಗೆ ಇದೇ ಸರಿ. ಮೇಣ ಹಚ್ಚಿದ ಹತ್ತಿ ಕ್ಯಾನ್ವಾಸು ಹಳೆಯ ಕಾಲದ್ದು. ಅದು ಉಸಿರಾಡುತ್ತದೆ, ಅದಕ್ಕೇ ಗೂಡು, ಧಾನ್ಯಕ್ಕೆ ಈಗಲೂ ಒಳ್ಳೆಯದು. ಆದರೆ ನೆನೆದ ಕ್ಯಾನ್ವಾಸಿಗೆ ಒಳಗಡೆಯಿಂದ ಚೀಲ ತಾಗಿದರೆ ತಾಗಿದ ಜಾಗದಲ್ಲೇ ನೀರು ಇಳಿಯುತ್ತದೆ, ಕಮಾನು ಹಾಕಿಯೇ ಬಳಸಬೇಕು.

ಅಳತೆಯ ಲೆಕ್ಕ ಹೀಗೆ. ಬಾಡಿ 9 ಅಡಿ ಉದ್ದ, ಐದೂವರೆ ಅಡಿ ಅಗಲ ಅಂದುಕೊಳ್ಳಿ. ಮಾಲು ಬಾಡಿಯ ಅಂಚಿಗಿಂತ 3 ಅಡಿ ಮೇಲಿದೆ. ಅಂಚಿನಿಂದ 1 ಅಡಿ ಕೆಳಗೂ ಇಳಿಬೀಳಬೇಕು. ಅಲ್ಲಿಗೆ ಪ್ರತಿ ಕಡೆಗೂ 4 ಅಡಿ: ಉದ್ದ 17, ಅಗಲ ಹದಿಮೂರೂವರೆ. 18×15 ಅಡಿಯದು ಕೊಂಡರೆ ಸರಿಹೋಗುತ್ತದೆ. ಅಂಚು ಮಡಚಿ ಹೊಲಿದ ಮೇಲೆ ಅಳತೆ ತುಸು ಕಡಿಮೆ ಬರುವುದರಿಂದ ಅಂಗಡಿಯಲ್ಲೇ ಬಿಚ್ಚಿ ಟೇಪು ಹಿಡಿಯಿರಿ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಮಾತಿಗೆ ಮೋಸ ಹೋಗದೆ ತೂಕ ಹಾಕಿಸಿ. 18×15 ಅಡಿ ಅಂದರೆ ಸುಮಾರು 25 ಚದರ ಮೀಟರ್. 200 ಜಿಎಸ್‌ಎಂ ಆದರೆ 5 ಕೆ.ಜಿ. ತೂಗಬೇಕು, 600 ಜಿಎಸ್‌ಎಂ ಪಿವಿಸಿ ಆದರೆ 15 ಕೆ.ಜಿ. 200 ಅಂತ ಹೇಳಿ ಕೊಟ್ಟದ್ದು ಮೂರು ಕೆ.ಜಿ. ತೂಗಿದರೆ ವಾಪಸ್ ಕೊಡಿ. ಬಿಸಿಲಿಗೆ ಹಿಡಿದು ನೋಡಿ, ಚುಕ್ಕಿ ಬೆಳಕು ಕಾಣಬಾರದು. ಜೋಡಣೆ ಬಿಸಿಗಾಳಿಯಲ್ಲಿ ಬೆಸೆದದ್ದಾದರೆ ಒಳ್ಳೆಯದು. ದಾರದಲ್ಲಿ ಹೊಲಿದದ್ದಾದರೆ ಪ್ರತಿ ಸೂಜಿತೂತೂ ನೀರಿಗೆ ದಾರಿ.

ಟಾರ್ಪಾಲು ಹೊಸದು, ಆದರೂ ಮಾಲು ನೆನೆಯುತ್ತೆ. ಕಟ್ಟೋದರಲ್ಲಿ ತಪ್ಪಾಗ್ತಿದೆಯಾ?

ಬಹುಶಃ ಹೌದು. ನೋಡಬೇಕಾದ ಮೊದಲ ತಪ್ಪು: ಟಾರ್ಪಾಲಿನ ಅಂಚನ್ನು ಬಾಡಿಯ ಒಳಗೆ ಸಿಕ್ಕಿಸುವುದು. ನೋಡಲು ಅಚ್ಚುಕಟ್ಟು, ಆದರೆ ಮೇಲೆ ಬಿದ್ದ ನೀರೆಲ್ಲ ನೇರ ಬಾಡಿಯ ನೆಲಕ್ಕೆ ಇಳಿಯುತ್ತದೆ. ಅಂಚು ಯಾವಾಗಲೂ ಬಾಡಿಯ ಹೊರಗೆ, ಕನಿಷ್ಠ ಒಂದು ಅಡಿ ಇಳಿಬಿದ್ದಿರಬೇಕು.

ಎರಡು ಹಾಳೆ ಬಳಸುವಾಗ ಮೊದಲು ಹಿಂದಿನದನ್ನು ಹಾಸಿ, ಆಮೇಲೆ ಮುಂದಿನದನ್ನು ಅದರ ಮೇಲೆ ಎರಡಡಿ ಬರುವಂತೆ ಹಾಸಿ. ಹೆಂಚು ಹೊದಿಸುವ ಕ್ರಮ ಇದೇ. ಗಾಡಿ ಓಡುವಾಗ ಗಾಳಿ, ಮಳೆ ಎರಡೂ ಮುಂದಿನಿಂದ ಬರುವುದರಿಂದ ಜೋಡಣೆಯ ಬಾಯಿ ಹಿಂದಕ್ಕೆ ಇರಬೇಕು. ಮುಂದಿನ ಮೂಲೆಯ ಮಡಿಕೆಗಳ ಬಾಯಿಯೂ ಹಿಂದಕ್ಕೇ ತಿರುಗಿರಲಿ.

ನಡುವೆ ಎತ್ತರ, ಪಕ್ಕಕ್ಕೆ ಇಳಿಜಾರು ಇರಬೇಕು. ಮಾಲು ಸಮತಟ್ಟಾಗಿದ್ದರೆ ನಡುವೆ ಉದ್ದಕ್ಕೆ ಒಂದು ಸಾಲು ಚೀಲ ಏರಿಸಿ, ಇಲ್ಲವೇ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಕಮಾನು ಮಾಡಿಸಿ. ನೀರು ನಿಲ್ಲದ ಟಾರ್ಪಾಲಿನಲ್ಲಿ ಸೂಜಿತೂತಿದ್ದರೂ ಅಷ್ಟಾಗಿ ಸೋರುವುದಿಲ್ಲ.

ಹಗ್ಗದ ವಿಷಯ ಬಹಳ ಜನ ಗಮನಿಸುವುದಿಲ್ಲ. ನೈಲಾನ್ ಹಗ್ಗ ನೆನೆದರೆ ಹಿಗ್ಗಿ ಸಡಿಲವಾಗುತ್ತದೆ. ಸೆಣಬಿನ ಹಗ್ಗ ನೆನೆದರೆ ಕುಗ್ಗಿ ಬಿಗಿಯಾಗುತ್ತದೆ, ಐಲೆಟ್ (ಹಗ್ಗ ತೂರಿಸುವ ಅಂಚಿನ ಕಣ್ಣು) ಹರಿಯುವುದೂ ಉಂಟು. ಪಾಲಿಪ್ರೊಪಿಲೀನ್ ಹಗ್ಗ ನೀರು ಕುಡಿಯುವುದಿಲ್ಲ, ಅದನ್ನೇ ಬಳಸಿ. ಹಳೇ ಟ್ಯೂಬ್ ಕತ್ತರಿಸಿದ ರಬ್ಬರ್ ಪಟ್ಟಿಯನ್ನು ಐಲೆಟ್ ಮತ್ತು ಕೊಕ್ಕೆಯ ನಡುವೆ ಹಾಕಿದರೆ ಗಾಳಿಯ ಏಟನ್ನು ರಬ್ಬರ್ ನುಂಗುತ್ತದೆ. ಬಾಡಿಯ ಚೂಪು ಮೂಲೆಗಳಿಗೆ ಗೋಣಿ ಸುತ್ತಿ. ಹೊರಟು 10–15 ಕಿ.ಮೀ. ಆದ ಮೇಲೆ ಒಮ್ಮೆ ಇಳಿದು ಎಲ್ಲ ಗಂಟುಗಳನ್ನೂ ಬಿಗಿ ಮಾಡಿ. ಮಾಲು ಕುಲುಕಿ ಕೂತ ಮೇಲೆ ಹಗ್ಗ ಸಡಿಲವಾಗಿಯೇ ಇರುತ್ತದೆ. ಹಿಂದಿನ ದೀಪ, ನಂಬರ್ ಪ್ಲೇಟ್ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಹರಿದ ಟಾರ್ಪಾಲಿಗೆ ಸೈಕಲ್ ಪಂಚರ್ ಸಲ್ಯೂಷನ್ ನಡೆಯುತ್ತಾ?

ಹೆಚ್ಚು ದಿನ ಹಿಡಿಯುವುದಿಲ್ಲ. ಪಿವಿಸಿಗೆ ಮೆತ್ತನೆ ಪಿವಿಸಿ ಹಾಳೆಗೆಂದೇ ಮಾಡಿದ ಅಂಟು ಬೇಕು. ನೀರಿನ ಪೈಪಿಗೆ ಹಚ್ಚುವ ಸಲ್ಯೂಷನ್ ಒಣಗಿದ ಮೇಲೆ ಗಾಜಿನಂತೆ ಗಟ್ಟಿಯಾಗಿ, ಮಡಚಿದಾಗ ಒಡೆಯುತ್ತದೆ. ತೇಪೆ ಹರಿದ ಜಾಗಕ್ಕಿಂತ ಎಲ್ಲ ಕಡೆ 2 ಇಂಚು ದೊಡ್ಡದಿರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಮೊದಲು ಏಳುತ್ತದೆ. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟಿಯೂ ಅಂಟದ ಹದಕ್ಕೆ ಬಂದ ಮೇಲೆ ಒತ್ತಿ. ಎಚ್‌ಡಿಪಿಇಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ. ಟಾರ್ಪಾಲು ಅಂಗಡಿಯಲ್ಲಿ ಬಿಸಿಗಾಳಿಯಿಂದ ಬೆಸೆಸಿ.

ಹನಿ ನೀರೂ ಒಳಗೆ ಬಂದಿಲ್ಲ, ಆದರೂ ಒಳಗಡೆ ಬೆವರಿದ ಹಾಗೆ ಒದ್ದೆ. ಏನಿದು?

ಬೆವರೇ. ಮಾಲಿನ ತೇವ ಆವಿಯಾಗಿ, ಮಳೆಗೆ ತಣ್ಣಗಾದ ಕವರಿನ ಒಳಮೈ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಕವರ್ ಎಷ್ಟು ಚೆನ್ನಾಗಿ ಮುಚ್ಚಿದ್ದರೆ ಅಷ್ಟು ಹೆಚ್ಚು ಬೆವರು. ನಮ್ಮ ಭಾಗದ ಮಾಲಿಗೆ ಮಳೆಯಷ್ಟೇ ಹಾನಿ ಇದರಿಂದಲೂ ಆಗುತ್ತದೆ, ಆದರೆ ಇದರ ಬಗ್ಗೆ ಕೇಳುವವರು ಕಡಿಮೆ.

ರೇಷ್ಮೆ ಗೂಡಿನೊಳಗೆ ಹುಳುವಿನ ಜೀವಂತ ಕೋಶ (ಪ್ಯೂಪಾ) ಇರುತ್ತದೆ. ಅದು ಉಸಿರಾಡುತ್ತದೆ, ಶಾಖ ಮತ್ತು ತೇವ ಬಿಡುತ್ತದೆ. ಮಂಡ್ಯದಿಂದ ರಾಮನಗರದ ಮಾರುಕಟ್ಟೆಗೆ ಹೋಗುವ ಗೂಡನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿದರೆ ಗೂಡು ಮೆತ್ತಗಾಗಿ, ಕಲೆಯಾಗಿ, ನೂಲು ಬಿಚ್ಚುವಾಗ ಎಳೆ ಕಡಿಯುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ಗಾಳಿಯಾಡುವ ಚೀಲಗಳಲ್ಲಿ ಅರೆಬರೆ ತುಂಬಿಸಿ, ಒಂದರ ಮೇಲೊಂದು ಹೇರದೆ, ಕಮಾನಿನ ಮೇಲೆ ಟಾರ್ಪಾಲು ಹಾಕಿ. ಹಿಂಬದಿಯಲ್ಲಿ ಅರ್ಧ ಅಡಿ ಬಾಯಿ ಬಿಟ್ಟು, ಅದರ ಮೇಲೆ ಒಂದೂವರೆ ಅಡಿ ಸೂರಿನಂತೆ ಚಾಚಿ. ತಂಪು ಹೊತ್ತಿನಲ್ಲಿ ಹೊರಡಿ.

ಬೆಲ್ಲದ ಸ್ವಭಾವ ಇದಕ್ಕೆ ತಿರುಗಾಮುರುಗಾ. ಅದು ಗಾಳಿಯ ತೇವವನ್ನೇ ಹೀರಿ ನೀರು ಬಿಡುತ್ತದೆ. ಅಚ್ಚಾಗಲಿ ಬಕೆಟ್ ಬೆಲ್ಲವಾಗಲಿ, ಆಲೆಮನೆಯಲ್ಲಿ ಪೂರ್ತಿ ಆರಿದ ಮೇಲೆ ತುಂಬಿ, ಒಳಗೆ ಪಾಲಿಥಿನ್ ಹಾಳೆ ಸುತ್ತಿ, ಮೇಲೆ ಟಾರ್ಪಾಲು ಬಿಗಿಯಾಗಿ ಕಟ್ಟಿ. ಬಿಸಿ ಇರುವಾಗಲೇ ಸುತ್ತಿದರೆ ಹಾಳೆಯೊಳಗೇ ಬೆವರುತ್ತದೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹೊರೆಗಳಿಗೂ (ಬೇಲ್) ಬಿಗಿ ಮುಚ್ಚಿಗೆಯೇ ಬೇಕು, ಒದ್ದೆಯಾದ ಎಲೆಗೆ ಬೂಷ್ಟು ಬರಲು ತಡವಿಲ್ಲ. ಸೊಪ್ಪು ತರಕಾರಿಗೆ ಗಾಳಿ. ಎಳನೀರಿಗೆ ಕವರೇ ಬೇಡ.

ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ?

ಬಾಡಿಯಲ್ಲಿ ಉಪಯೋಗವಿಲ್ಲ, ಗಾಳಿ ಬರುತ್ತಲೇ ಇರುತ್ತದೆ. ಮುಚ್ಚಳ ಬಿಗಿಯಾದ ಡ್ರಮ್ಮು, ಡಬ್ಬದೊಳಗೆ ಮಾತ್ರ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪ್, ಕಾಗದಪತ್ರ, ಬಿತ್ತನೆ ಬೀಜ ಇಂಥವನ್ನು ಯಾವ ಕವರನ್ನೂ ನಂಬಿ ಬಾಡಿಯಲ್ಲಿ ಇಡಬೇಡಿ. ಕ್ಯಾಬಿನ್ನಿನಲ್ಲಿಡಿ, ಇಲ್ಲವೇ ಡ್ರಮ್ಮಿನಲ್ಲಿಡಿ.

ಬಂದ ನೀರಿನಿಂದ ಮಾಲು ಉಳಿಸಿಕೊಳ್ಳೋದು ಹೇಗೆ?

ನೆಲದಿಂದ ಎತ್ತಿಡಿ. 2 ಇಂಚು ದಪ್ಪದ ಮರದ ರೀಪರುಗಳನ್ನು ಒಂದಡಿಗೊಂದರಂತೆ ಗಾಡಿಯ ಉದ್ದಕ್ಕೆ ಹಾಕಿ, ಮೇಲೆ ಹಲಗೆ ಅಥವಾ ಪ್ಲಾಸ್ಟಿಕ್ ಪ್ಯಾಲೆಟ್. ಅಡ್ಡಡ್ಡ ಹಾಕಿದರೆ ಪ್ರತಿ ರೀಪರೂ ಬದುವಿನಂತೆ ನೀರು ಹಿಡಿದು ನಿಲ್ಲಿಸುತ್ತದೆ. ಒಂದು ಲೀಟರ್ ನೀರು ಅಷ್ಟು ಅಗಲದ ನೆಲದಲ್ಲಿ ಹರಡಿದರೆ ಅರ್ಧ ಮಿ.ಮೀ. ಎತ್ತರವೂ ಇರುವುದಿಲ್ಲ, 2 ಇಂಚಿನ ಮೇಲಿರುವ ಚೀಲಕ್ಕೆ ಅದರ ಸುದ್ದಿಯೇ ಗೊತ್ತಾಗುವುದಿಲ್ಲ. ನೆಲದ ತೂತುಗಳನ್ನು ತಿಂಗಳಿಗೊಮ್ಮೆ ತಂತಿ ಹಾಕಿ ಬಿಡಿಸಿ. ಮಣ್ಣು, ಹುಲ್ಲು ಸೇರಿ ಮುಚ್ಚಿರುತ್ತದೆ. ಒದ್ದೆ ರಬ್ಬರ್ ಮ್ಯಾಟನ್ನು ಎತ್ತಿ ಒಣಗಿಸದಿದ್ದರೆ ಅದರಡಿಯ ತಗಡು ತುಕ್ಕು ಹಿಡಿಯುತ್ತದೆ.

ರಬ್ಬರಿಗೆ ಕೊಬ್ಬರಿ ಎಣ್ಣೆಯೋ ಗ್ರೀಸೋ ಹಚ್ಚಿ ಮೆತ್ತಗೆ ಇಡಬಹುದಾ?

ಬೇಡ. ಗ್ರೀಸು, ಡೀಸೆಲ್, ಎಂಜಿನ್ ಆಯಿಲ್ ಸೋಕಿದರೆ ಇಪಿಡಿಎಂ ಉಬ್ಬಿ ಹಾಳಾಗುತ್ತದೆ. ಕೊಬ್ಬರಿ ಎಣ್ಣೆಗೆ ಧೂಳು ಮೆತ್ತಿಕೊಂಡು ರಬ್ಬರ್ ಕೂರದಂತಾಗುತ್ತದೆ. ಸಿಲಿಕಾನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ಮೂರು ತಿಂಗಳಿಗೊಮ್ಮೆ ಒರೆಸಿ. ವಿನೈಲ್ ಬಟ್ಟೆಗೆ ಸೋಪು ನೀರು, ಆಮೇಲೆ ನೆರಳಲ್ಲಿ ಒಣಗಿಸುವುದು, ಅಷ್ಟೇ. ಒದ್ದೆ ಟಾರ್ಪಾಲನ್ನು ಮಡಚಿ ಸೀಟಿನ ಹಿಂದೆ ತುರುಕಬೇಡಿ.

ವಾಟರ್ ವಾಶ್ ಮಾಡಿಸುವಾಗ ಒಳಗೆ ನೀರು ಬಂದರೆ ಕವರ್ ಕೆಟ್ಟಿದೆ ಅಂತಾನಾ?

ಇಲ್ಲ. ಅಷ್ಟು ಒತ್ತಡದ ನೀರನ್ನು ತಡೆಯಲು ಈ ರಬ್ಬರುಗಳನ್ನು ಮಾಡಿಲ್ಲ. ಅಂಚಿಗೆ ನೇರ ಹಿಡಿಯಬೇಡಿ ಅಂತ ಹುಡುಗರಿಗೆ ಹೇಳಿ.

ಗಟ್ಟಿ ಡಬ್ಬಿ ಬಾಡಿಯೇ ಕಟ್ಟಿಸಿಬಿಟ್ಟರೆ ತಲೆನೋವು ತಪ್ಪುತ್ತಲ್ಲ?

ನೀರಿನ ಮಟ್ಟಿಗೆ ತಪ್ಪುತ್ತದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಬಾಡಿ ಕಟ್ಟಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ಬರಹದಲ್ಲಿ ತಿಳಿಸಿ. ಬಿಚ್ಚಿ ತೆಗೆಯಬಹುದಾದ ಟಾರ್ಪಾಲಿಗೆ ಈ ತೊಡಕಿಲ್ಲ. ಡಬ್ಬಿಯ ತೂಕ ಎಷ್ಟೋ ಅಷ್ಟು ಮಾಲು ಕಡಿಮೆ ಹೊರಬೇಕಾಗುತ್ತದೆ ಅನ್ನುವುದನ್ನೂ ಬಾಡಿಗೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಕವರ್ ಕೂರಿಸಿದ ದಿನ ಅಂಗಡಿಯಲ್ಲೇ ಏನೇನು ನೋಡಬೇಕು?

ದುಡ್ಡು ಕೊಡುವ ಮುಂಚೆ ಕಾಗದದ ಚೀಟಿ ಪರೀಕ್ಷೆ ಮಾಡಿಸಿ. ಮುಂದಿನ ಎರಡು ಮೂಲೆಗೆ ಬೆರಳು ಹಾಕಿ ನೋಡಿ. ಕ್ಲಾಂಪುಗಳನ್ನು ಕ್ಯಾಬಿನ್ ಕಡೆಯಿಂದ ಶುರು ಮಾಡಿ ಎಡಬಲ ಒಂದೊಂದಾಗಿ, ಎರಡು ಸುತ್ತಿನಲ್ಲಿ ಬಿಗಿ ಮಾಡಿದ್ದಾರೆಯೇ ಕೇಳಿ. ಒಂದು ಬಕೆಟ್ ನೀರು ನಿಮ್ಮೆದುರೇ ಹೊಯ್ಯಿಸಿ. ಬಾಡಿಗೆ ತೂತು ಕೊರೆದಿದ್ದರೆ ಕೊರೆದ ತಗಡಿಗೆ ತುಕ್ಕು ತಡೆಯುವ ಬಣ್ಣ ಹಚ್ಚಿರಬೇಕು. ವಾರ ಕಳೆದ ಮೇಲೆ ಕ್ಲಾಂಪುಗಳನ್ನು ಇನ್ನೊಮ್ಮೆ ನೀವೇ ಮುಟ್ಟಿ ನೋಡಿ. ಹೊಸ ರಬ್ಬರ್ ಅದುಮಿ ಕೂತ ಮೇಲೆ ಅರ್ಧ ಸುತ್ತು ಬಿಗಿ ಮಾಡುವಷ್ಟು ಸಡಿಲ ಬಂದಿರುತ್ತದೆ.